ವ್ಯಾಟ್ ಕೇಳುವ ಮೊದಲು ಓಮ್ ಕೇಳಿ

ಸ್ಪೀಕರ್ ಕೊಂಡವರೆಲ್ಲ ಕೇಳುವುದು ಒಂದೇ ಪ್ರಶ್ನೆ: ಇದಕ್ಕೆ ಎಷ್ಟು ವ್ಯಾಟ್‌ನ ಆಂಪ್ಲಿಫೈಯರ್ ಬೇಕು? ಆ ಸ್ಪೀಕರ್‌ನ ಇಂಪೀಡೆನ್ಸ್ (ಕರೆಂಟ್‌ಗೆ ಅದು ಒಡ್ಡುವ ತಡೆ, ಅಳೆಯುವುದು ಓಮ್‌ನಲ್ಲಿ) ಎಲ್ಲಿಯವರೆಗೆ ಇಳಿಯುತ್ತದೆ ಅಂತ ತಿಳಿಯದೆ ಇದಕ್ಕೆ ಉತ್ತರ ಕೊಡುವುದು ತಪ್ಪು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಸೆನ್ಸಿಟಿವಿಟಿ, ಅಂದರೆ ಒಂದು ವ್ಯಾಟ್‌ಗೆ ಸ್ಪೀಕರ್ ಎಷ್ಟು ಡೆಸಿಬೆಲ್ ಸದ್ದು ಕೊಡುತ್ತದೆ ಅನ್ನುವುದು ಮುಖ್ಯ, ನಿಜ. 3 ಡೆಸಿಬೆಲ್ ಜಾಸ್ತಿ ಬೇಕೆಂದರೆ ಪವರ್ ಎರಡು ಪಟ್ಟಾಗಬೇಕು. 10 ಡೆಸಿಬೆಲ್‌ಗೆ ಹತ್ತು ಪಟ್ಟು. 90 ಡೆಸಿಬೆಲ್‌ನ ಸ್ಪೀಕರ್ 50 ವ್ಯಾಟ್‌ನಲ್ಲಿ ಕೊಡುವ ಸದ್ದನ್ನು 84 ಡೆಸಿಬೆಲ್‌ನದು ಕೊಡಬೇಕಾದರೆ ಸುಮಾರು 200 ವ್ಯಾಟ್ ಬೇಕು. ಆದರೆ ಇಲ್ಲೂ ಒಂದು ಮೋಸವಿದೆ. ಈಗ ಹೆಚ್ಚಿನವರು ಅಳೆಯುವುದು 2.83 ವೋಲ್ಟ್ ಕೊಟ್ಟು. 8 ಓಮ್‌ನಲ್ಲಿ ಅದು 1 ವ್ಯಾಟ್, 4 ಓಮ್‌ನಲ್ಲಿ 2 ವ್ಯಾಟ್. ಹಾಗಾಗಿ 4 ಓಮ್ ಸ್ಪೀಕರ್ ಮೇಲೆ 87 ಅಂತ ಬರೆದಿದ್ದರೆ ಒಂದು ವ್ಯಾಟ್‌ಗೆ ಸಿಗುವುದು 84 ಮಾತ್ರ.

ಇನ್ನು ಓಮ್ ವಿಷಯ. ಇಂಪೀಡೆನ್ಸ್ ಒಂದೇ ಅಂಕಿಯಲ್ಲ, ಫ್ರೀಕ್ವೆನ್ಸಿ ಬದಲಾದಂತೆ ಏರಿಳಿಯುತ್ತದೆ. ಅಂತಾರಾಷ್ಟ್ರೀಯ ಮಾನದಂಡ ಸಂಸ್ಥೆ ಐಇಸಿಯ ಪ್ರಕಾರ 8 ಓಮ್ ಅಂತ ಕರೆಯುವ ಸ್ಪೀಕರ್ 6.4ಕ್ಕಿಂತ ಕೆಳಗೆ ಇಳಿಯಬಾರದು. ಎಷ್ಟೋ ಸ್ಪೀಕರ್‌ಗಳು ಬೇಸ್ ಜಾಗದಲ್ಲಿ 3 ಓಮ್‌ಗೆ ಇಳಿದರೂ ಹಿಂದೆ 8 ಅಂತಲೇ ಬರೆದುಕೊಂಡಿರುತ್ತವೆ. 20 ವೋಲ್ಟ್‌ಗೆ 8 ಓಮ್ ಎಳೆಯುವುದು 2.5 ಆಂಪಿಯರ್. 3 ಓಮ್ ಎಳೆಯುವುದು 6.7. ಈ ಕರೆಂಟ್ ಕೊಡಲಾಗದ ಆಂಪ್ಲಿಫೈಯರ್ ಮೇಲೆ 100 ವ್ಯಾಟ್ ಅಂತ ಬರೆದಿದ್ದರೆ ಏನು ಬಂತು? ಇಂಪೀಡೆನ್ಸ್ ಇಳಿದ ಕಡೆಯೇ ವೋಲ್ಟೇಜ್ ಮತ್ತು ಕರೆಂಟ್ ಒಟ್ಟಿಗೆ ಏರಿಳಿಯದಿದ್ದರೆ, ಅಂದರೆ ಫೇಸ್ ಕೂಡ ಕೆಟ್ಟಿದ್ದರೆ, ಔಟ್‌ಪುಟ್ ಟ್ರಾನ್ಸಿಸ್ಟರ್‌ಗಳು ಇನ್ನೂ ಬಿಸಿಯಾಗುತ್ತವೆ.

1980ರ ದಶಕದ ಅಪೋಜಿ ಸಿಂಟಿಲಾ ರಿಬ್ಬನ್ ಸ್ಪೀಕರ್ ಇದರ ಕಟ್ಟಕಡೆಯ ಉದಾಹರಣೆ. 1 ಓಮ್! ಅದನ್ನು ನಡೆಸಲು ಕ್ರೆಲ್ ಕಂಪನಿಯದರಂಥ ಭಾರಿ ಆಂಪ್ಲಿಫೈಯರ್‌ಗಳೇ ಬೇಕಾಗಿದ್ದವು. ಇನ್ನೊಂದು ತುದಿಯಲ್ಲಿ ಕ್ಲಿಪ್‌ಷ್‌ಹಾರ್ನ್‌ನಂಥ ಹಾರ್ನ್ ಸ್ಪೀಕರ್, ಸೆನ್ಸಿಟಿವಿಟಿ ತುಂಬಾ ಹೆಚ್ಚಿರುವುದರಿಂದ ಕೆಲವೇ ವ್ಯಾಟ್‌ಗೆ ಮನೆ ತುಂಬುತ್ತದೆ.

ಹಾಗಾದರೆ ಆಂಪ್ಲಿಫೈಯರ್‌ನಲ್ಲಿ ಏನು ನೋಡಬೇಕು? ನಾನು ನೋಡುವುದು 8 ಮತ್ತು 4 ಓಮ್‌ನ ಎರಡೂ ಅಂಕಿಗಳನ್ನು. 8 ಓಮ್‌ನಲ್ಲಿ 100 ವ್ಯಾಟ್ ಇದ್ದದ್ದು 4 ಓಮ್‌ನಲ್ಲಿ 180ರ ಹತ್ತಿರ ಹೋದರೆ ಪವರ್ ಸಪ್ಲೈ ಗಟ್ಟಿಯಾಗಿದೆ. 120ಕ್ಕೇ ನಿಂತರೆ ಅಥವಾ 4 ಓಮ್ ಅಂಕಿಯನ್ನೇ ಕೊಡದಿದ್ದರೆ ಕಷ್ಟದ ಸ್ಪೀಕರ್‌ಗೆ ಅದು ಬೇಡ. (ವಾಲ್ವ್ ಆಂಪ್ಲಿಫೈಯರ್‌ಗಳ ಲೆಕ್ಕ ಬೇರೆ, ಅವಕ್ಕೆ 4 ಮತ್ತು 8 ಓಮ್‌ಗೆ ಬೇರೆ ಬೇರೆ ಟ್ಯಾಪ್, ಅಂದರೆ ಸ್ಪೀಕರ್ ಜೋಡಿಸುವ ತುದಿ, ಇರುತ್ತದೆ.) ತೂಕ ನೋಡಿ ಅಳೆಯುವ ಕಾಲ ಹೋಯಿತು. ಒಳ್ಳೆಯ ಕ್ಲಾಸ್ ಡಿ (ಟ್ರಾನ್ಸಿಸ್ಟರ್‌ಗಳನ್ನು ಸ್ವಿಚ್‌ನಂತೆ ಬಳಸುವ) ಆಂಪ್ಲಿಫೈಯರ್ ಹಗುರವಾಗಿದ್ದೂ ಬೇಕಾದಷ್ಟು ಕರೆಂಟ್ ಕೊಡುತ್ತದೆ.

"ನಾನು ಜೋರಾಗಿ ಕೇಳಲ್ಲ, ಸುಮ್ನೆ ಯಾಕೆ ದೊಡ್ಡದು" ಅನ್ನುವವರಿಗೆ ಒಂದು ಮಾತು. ಸರಾಸರಿ 2 ವ್ಯಾಟ್ ಸಾಕಾದ ಕಡೆಯೂ ಡ್ರಮ್ ಏಟು 15 ಡೆಸಿಬೆಲ್ ಮೇಲೆ ಹಾರಿದರೆ ಆ ಕ್ಷಣಕ್ಕೆ 60 ವ್ಯಾಟ್ ದಾಟುತ್ತದೆ. ಕೊಡಲಾಗದ ಆಂಪ್ಲಿಫೈಯರ್ ಕ್ಲಿಪ್ ಆಗುತ್ತದೆ, ಅಂದರೆ ಅಲೆಯ ತುದಿಗಳನ್ನು ಕತ್ತರಿಸಿಬಿಡುತ್ತದೆ. ಅದನ್ನು ಗಮನಿಸದೆ ವಾಲ್ಯೂಮ್ ಏರಿಸುತ್ತಲೇ ಹೋದರೆ ಮೊದಲು ಸುಡುವುದು ಟ್ವೀಟರ್, ಅಂದರೆ ಸ್ಪೀಕರ್‌ನೊಳಗೆ ಮೇಲಿನ ಸ್ವರಗಳನ್ನು ನುಡಿಸುವ ಪುಟ್ಟ ಭಾಗ. ಒರಟು ಸದ್ದು ಕೇಳಿಸಿದ ಕೂಡಲೇ ವಾಲ್ಯೂಮ್ ಇಳಿಸಿ, ಆಮೇಲೆ ಸ್ಪೀಕರ್‌ನ ಇಂಪೀಡೆನ್ಸ್ ಗ್ರಾಫ್ ಹುಡುಕಿ. ತಯಾರಕರು ಕೊಟ್ಟಿಲ್ಲವಾದರೆ ಅವರಿಗೇ ಬರೆದು ಕೇಳಿ. ದುಡ್ಡು ಕೊಟ್ಟು ಕೊಂಡವರಿಗೆ ಅದು ಸಿಗಲೇಬೇಕು.