ಫ್ಯಾನ್ ಹಾಕಬೇಡಿ, ಚಿಪ್ಪು ಎಣಿಸುತ್ತಿದ್ದೇನೆ

ಕರಾವಳಿಯ ಮೇ ತಿಂಗಳು ಗೊತ್ತಲ್ವಾ? ಅಂಥ ಸೆಖೆಯಲ್ಲಿ ಫ್ಯಾನ್ ಆರಿಸಿಕೊಂಡು ಕೂತು ಕೆಲಸ ಮಾಡಿದ್ದೇನೆ. ಎಂಎಸ್ಸಿ ಪ್ರಾಜೆಕ್ಟಿನ ದಿನಗಳು. ಮೈಕ್ರೊಸ್ಕೋಪಿನ ಕೆಳಗೆ ಒಂದು ಕಪ್ಪು ತಟ್ಟೆ. ಅದರಲ್ಲಿ ಸಮುದ್ರದ ತಳದಿಂದ ಬಂದ, ಮರಳಿನಂತೆ ಕಾಣುವ ಕಾಳು. ಕೈಯಲ್ಲಿ ಮೂರು ಸೊನ್ನೆ ನಂಬರಿನ ಬ್ರಷ್. ತುದಿಯನ್ನು ನಾಲಿಗೆಗೆ ತಾಗಿಸಿ ಒದ್ದೆ ಮಾಡಿಕೊಳ್ಳಬೇಕು, ಒಂದು ಕಾಳನ್ನು ಮುಟ್ಟಬೇಕು, ಅಂಟಿದರೆ ಎತ್ತಿ ಸ್ಲೈಡಿನ ಚೌಕದಲ್ಲಿ ಇಡಬೇಕು. ಹೀಗೆ ಮುನ್ನೂರು. ಎರಡು ದಿನದ ಕೆಲಸ ಮುಗಿಯುತ್ತ ಬಂದಿತ್ತು. ಪಕ್ಕದ ಲ್ಯಾಬಿನವರೊಬ್ಬರು ಬಾಗಿಲಲ್ಲಿ ನಿಂತು, "ಅಯ್ಯೋ ಮಾರಾಯ್ತಿ, ಈ ಸೆಖೆಯಲ್ಲಿ ಹೇಗೆ ಕೂತಿದ್ದೀ?" ಅಂತ ಕನಿಕರದಿಂದ ಫ್ಯಾನ್ ಸ್ವಿಚ್ ಒತ್ತಿದರು. ನಾನಿನ್ನೂ ಸ್ಲೈಡಿಗೆ ಗೋಂದು ಹಾಕಿರಲಿಲ್ಲ. ಸಾವಿರಾರು ವರ್ಷ ಅಲುಗಾಡದೆ ಮಲಗಿದ್ದ ಚಿಪ್ಪುಗಳು ಒಂದೇ ಕ್ಷಣದಲ್ಲಿ ಕಿಟಕಿಯ ಕಡೆ ಹೊರಟವು.

ಹೋದ ತಿಂಗಳು ಒಂದು ಸಭೆಯಲ್ಲಿ ಕೂತಾಗ ಆ ಫ್ಯಾನ್ ಮತ್ತೆ ನೆನಪಾಯಿತು. ಎಲ್ಲಿ, ಯಾರು ಅಂತ ಬೇಡ. ಸ್ನೇಹಿತೆಯೊಬ್ಬಳು ಇಂಥದ್ದೇ ಚಿಪ್ಪು ಎಣಿಸಲು ಇಬ್ಬರು ಹುಡುಗರಿಗೆ ಆರು ತಿಂಗಳ ಸಂಬಳ ಕೇಳಿದ್ದಳು. ಮೇಜಿನ ಆಚೆ ಕೂತ ಹಿರಿಯರೊಬ್ಬರು ನಕ್ಕರು. "ಎಣಿಸೋಕೆ ಆರು ತಿಂಗಳಾ? ಸ್ಯಾಂಪಲ್ ಮೆಷಿನ್ನಿಗೆ ಕೊಡಿ, ನಂಬರ್ ಬರುತ್ತೆ." ಉಳಿದವರೂ ನಕ್ಕರು. ಆ ಖರ್ಚಿಗೆ ಕತ್ತರಿ ಬಿತ್ತು. ಅಲ್ಲಿ ನಾನು ಬಾಯಿ ಬಿಡಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಉದ್ದ ಆಯಿತು ಅಂತ ಬೈಯಬೇಡಿ.

ಚಿಪ್ಪು ಅಂದರೆ ನಾವು ತಿನ್ನುವ ಬಳಚು, ಮರುವಾಯಿ ಅಲ್ಲ. ಫೊರಾಮಿನಿಫೆರಾ ಅಂತ ಒಂದೇ ಕೋಶದ ಜೀವಿಗಳಿವೆ, ಎಲ್ಲರೂ ಫೊರಾಮ್ ಅಂತ ಕರೆಯುವುದು. ಅವುಗಳಲ್ಲಿ ಕೆಲವು ನೀರಿನಲ್ಲಿ ತೇಲುತ್ತ ಬದುಕುತ್ತವೆ. ಸುಣ್ಣದ ಚಿಪ್ಪು ಕಟ್ಟಿಕೊಳ್ಳುತ್ತವೆ. ಸತ್ತ ಮೇಲೆ ಚಿಪ್ಪು ತಳಕ್ಕೆ ಇಳಿಯುತ್ತದೆ. ಆಳ ಸಮುದ್ರದಲ್ಲಿ ಮಡ್ಡಿ ಬೆಳೆಯುವುದು ಸಾವಿರ ವರ್ಷಕ್ಕೆ ಕೆಲವೇ ಸೆಂಟಿಮೀಟರ್. ಹಡಗಿನಿಂದ ಉದ್ದದ ಕೊಳವೆಯನ್ನು ಆ ಮಡ್ಡಿಗೆ ಚುಚ್ಚಿ ಎತ್ತಿದರೆ ಕೆಳಗಿರುವುದು ಹಳೆಯದು, ಮೇಲಿರುವುದು ಹೊಸದು. ಇದಕ್ಕೆ ಕೋರ್ ಅನ್ನುತ್ತಾರೆ. ಒಂದೊಂದು ಪದರದ ಮಡ್ಡಿಯನ್ನೂ 63 ಮೈಕ್ರಾನಿನ ಜರಡಿಯಲ್ಲಿ ತೊಳೆಯಬೇಕು. ಸುಮಾರು ಒಂದು ಕೂದಲಿನ ದಪ್ಪದ ಕಣ್ಣಿನ ಜರಡಿ ಅದು. ಕೆಸರು ಹೋಗುತ್ತದೆ, ಚಿಪ್ಪು ಉಳಿಯುತ್ತದೆ.

ತೇಲುವ ಫೊರಾಮ್‌ಗಳಲ್ಲಿ ಈಗ ಬದುಕಿರುವ ಜಾತಿಗಳು ಐವತ್ತರ ಆಸುಪಾಸು, ಅಷ್ಟೇ. ಕಲಿಯಲು ಆಗದ ಲೆಕ್ಕವೇನೂ ಅಲ್ಲ. ಒಂದಕ್ಕೆ ತಣ್ಣೀರು ಬೇಕು, ಇನ್ನೊಂದಕ್ಕೆ ಬಿಸಿ. ಒಂದು ಮೇಲ್ಪದರದಲ್ಲಿ ಇರುತ್ತದೆ, ಇನ್ನೊಂದು ಸ್ವಲ್ಪ ಆಳದಲ್ಲಿ. ಯಾವ ಪದರದಲ್ಲಿ ಯಾರು ಎಷ್ಟು ಮಂದಿ ಅಂತ ಗೊತ್ತಾದರೆ ಆ ಕಾಲದಲ್ಲಿ ಅಲ್ಲಿ ಎಂಥ ನೀರು ಇತ್ತು, ಎಲ್ಲಿಂದ ಬಂದಿತ್ತು ಅಂತ ಕೇಳಬಹುದು.

ನನಗೆ ಇವುಗಳಲ್ಲಿ ಇಷ್ಟವಾದದ್ದು ಗ್ಲೋಬೊರೊಟಾಲಿಯಾ ಮೆನಾರ್ಡಿಯೈ. ನಮ್ಮ ಅರಬ್ಬಿ ಸಮುದ್ರದಲ್ಲಿ ಧಾರಾಳವಾಗಿ ಸಿಗುತ್ತದೆ. ಫೊರಾಮ್‌ಗಳ ಲೆಕ್ಕದಲ್ಲಿ ದೊಡ್ಡದು, ಬರಿಗಣ್ಣಿಗೂ ರವೆಯ ಕಾಳಿನ ಹಾಗೆ ಕಾಣುತ್ತದೆ. ಚಪ್ಪಟೆ, ಸುತ್ತಲೂ ದಪ್ಪ ಅಂಚು. ಒಮ್ಮೆ ದೊಡ್ಡಮ್ಮ ಹೊನ್ನಾವರದಿಂದ ಬಂದವರು ನನ್ನ ಲ್ಯಾಬ್ ನೋಡಬೇಕು ಅಂದರು. ಮೈಕ್ರೊಸ್ಕೋಪಿಗೆ ಕಣ್ಣಿಟ್ಟು ಬಹಳ ಹೊತ್ತು ಸುಮ್ಮನೆ ನೋಡಿದರು. ಆಮೇಲೆ, "ಇದು ಸಂಡಿಗೆ, ಇದು ಬೋಂಡ, ಅಲ್ದಾ ಕೂಸೇ?" ಅಂದರು. ಸಂಡಿಗೆ ಅಂದದ್ದು ಮೆನಾರ್ಡಿಯೈ. ಬೋಂಡ ಅಂದದ್ದು ನಾಲ್ಕು ಗುಂಡು ಒಟ್ಟಿಗೆ ಅಂಟಿದಂತಿರುವ ಗ್ಲೋಬಿಜೆರಿನಾ ಬುಲ್ಲಾಯ್ಡಿಸ್. ನನಗೆ ಆ ಎರಡನ್ನು ಬೇರೆ ಮಾಡಲು ಒಂದು ವಾರ ಹಿಡಿದಿತ್ತು. ಜೀವಮಾನವಿಡೀ ಅಕ್ಕಿ ಆರಿಸಿದ ಕಣ್ಣು ಅದು, ನಾನು ಎಲ್ಲಿ ಸರಿಗಟ್ಟಲಿ?

ಈ ಸಂಡಿಗೆ ಒಂದು ಕಾಲದಲ್ಲಿ ದೊಡ್ಡ ಜಗಳ ಹಚ್ಚಿದೆ. ಅಮೆರಿಕದ ಲಾಮಾಂಟ್ ಭೂವಿಜ್ಞಾನ ಸಂಸ್ಥೆಯಲ್ಲಿ ಮಾರಿಸ್ ಯೂಯಿಂಗ್ ಅಂತ ನಿರ್ದೇಶಕರಿದ್ದರು. ಅವರ 'ವೇಮಾ' ಹಡಗಿಗೆ ಒಂದೇ ನಿಯಮ: ಎಲ್ಲೇ ಇರಲಿ, ದಿನಕ್ಕೊಂದು ಕೋರ್. ಹಾಗೆ ರಾಶಿ ಬಿದ್ದ ಅಟ್ಲಾಂಟಿಕ್ ಕೋರ್‌ಗಳನ್ನು ಡೇವಿಡ್ ಎರಿಕ್ಸನ್ ಮತ್ತು ಗೋಸ್ಟಾ ವೊಲಿನ್ ಕಣ್ಣಲ್ಲೇ ನೋಡುತ್ತ ಹೋದರು. ಕೆಲವು ಪದರಗಳಲ್ಲಿ ಮೆನಾರ್ಡಿಯೈ ತುಂಬಿ ತುಳುಕುತ್ತದೆ, ಕೆಲವು ಪದರಗಳಲ್ಲಿ ಒಂದೂ ಇಲ್ಲ. ಇರುವಾಗ ಬೆಚ್ಚಗಿನ ಕಾಲ, ಇಲ್ಲದಾಗ ಹಿಮಯುಗ ಅಂತ ಅವರು ಓದಿದರು. ಅತ್ತ ಚೆಸಾರೆ ಎಮಿಲಿಯಾನಿ 1955ರಲ್ಲಿ ಚಿಪ್ಪಿನೊಳಗಿನ ಆಮ್ಲಜನಕದ ಭಾರದ ಮತ್ತು ಹಗುರದ ಪರಮಾಣುಗಳನ್ನು, ಅಂದರೆ ಐಸೊಟೋಪ್‌ಗಳನ್ನು ಅಳೆದು, ಅದರಿಂದ ಆಗಿನ ನೀರಿನ ತಾಪಮಾನ ಓದಿ, ಹಿಮಯುಗಗಳು ಇದಕ್ಕಿಂತ ಜಾಸ್ತಿ ಸಲ ಬಂದು ಹೋಗಿವೆ ಅಂದರು. ಎರಡೂ ಪಟ್ಟಿ ತಾಳೆ ಆಗಲಿಲ್ಲ. ವರ್ಷಗಟ್ಟಲೆ ವಾದ ನಡೆಯಿತು.

1960ರ ದಶಕದ ಕೊನೆಗೆ ಜಾನ್ ಇಂಬ್ರಿ ಒಂದು ಜಾತಿಯನ್ನಲ್ಲ, ಪದರದಲ್ಲಿರುವ ಎಲ್ಲ ಜಾತಿಗಳನ್ನೂ ಎಣಿಸಿದ ಲೆಕ್ಕವನ್ನು ಕಂಪ್ಯೂಟರಿಗೆ ಕೊಟ್ಟರು. ಹಿಮಯುಗಗಳ ಸಂಖ್ಯೆಯಲ್ಲಿ ಎಮಿಲಿಯಾನಿ ಸರಿ ಅಂತ ಬಂತು. ಮೆನಾರ್ಡಿಯೈ ನಂಬಬಹುದಾದ ಥರ್ಮಾಮೀಟರ್ ಅಲ್ಲ, ಅದು ಬೇರೆ ಏನನ್ನೋ ಹೇಳುತ್ತಿದೆ. ಹಾಗಂತ ಮೆಷಿನ್ ಗೆದ್ದಿತು ಅಂದುಕೊಳ್ಳಬೇಡಿ. ಎಮಿಲಿಯಾನಿ ತಾಪಮಾನ ಅಂದುಕೊಂಡದ್ದರಲ್ಲಿ ಹೆಚ್ಚಿನ ಪಾಲು ನೆಲದ ಮೇಲೆ ಎಷ್ಟು ಹಿಮ ಕೂತಿತ್ತು ಅನ್ನುವುದರ ಲೆಕ್ಕ ಅಂತ ನಿಕ್ ಶ್ಯಾಕಲ್ಟನ್ ತೋರಿಸಿಕೊಟ್ಟರು. ಮೆನಾರ್ಡಿಯೈ ನೋಡಿದವರದು, ಐಸೊಟೋಪ್ ಅಳೆದವರದು, ಎರಡು ಲೆಕ್ಕವೂ ಸರಿಯೇ. ಓದಿದ್ದರಲ್ಲಿ ಎರಡೂ ಕಡೆಯವರು ಸ್ವಲ್ಪ ಸ್ವಲ್ಪ ಎಡವಿದ್ದರು.

ಹಾಗಾದರೆ ಮೆನಾರ್ಡಿಯೈ ಏನು ಹೇಳುತ್ತಿತ್ತು? ಇಲ್ಲಿಂದ ಮುಂದೆ ನನಗೆ ಈಗಲೂ ರೋಮಾಂಚನ ಆಗುತ್ತದೆ. ಅಟ್ಲಾಂಟಿಕ್‌ನಲ್ಲಿ ಅದು ಕಾಣೆಯಾದ ಕಾಲದಲ್ಲೂ ಹಿಂದೂ ಮಹಾಸಾಗರದಲ್ಲಿ ಆರಾಮವಾಗಿ ಇತ್ತು. ಆಫ್ರಿಕಾದ ಪೂರ್ವ ತೀರದಲ್ಲಿ ಅಗುಲ್ಹಾಸ್ ಅನ್ನುವ ಬಿಸಿನೀರಿನ ಪ್ರವಾಹ ದಕ್ಷಿಣಕ್ಕೆ ಓಡುತ್ತದೆ. ಖಂಡದ ತುದಿ ದಾಟುತ್ತಿದ್ದಂತೆ ಬಂದ ದಿಕ್ಕಿಗೇ ತಿರುಗಿಬಿಡುತ್ತದೆ. ತಿರುಗುವಾಗ ಅದರಿಂದ ಇನ್ನೂರು ಮುನ್ನೂರು ಕಿಲೋಮೀಟರ್ ಅಗಲದ ಸುಳಿಗಳು ಕಳಚಿಕೊಂಡು ಅಟ್ಲಾಂಟಿಕ್ ಕಡೆ ಹೋಗುತ್ತವೆ. ನಮ್ಮ ಕಡೆಯ ಸಾಗರದ ಬಿಸಿ, ಉಪ್ಪು, ಜೀವಿಗಳು ಎಲ್ಲವೂ ಆ ಸುಳಿಯ ಜೊತೆ ಪ್ರಯಾಣ. ಫ್ರಾಂಕ್ ಪೀಟರ್ಸ್ ಮತ್ತು ಸಂಗಡಿಗರು ಆಫ್ರಿಕಾದ ತುದಿಯ ಪಕ್ಕ, ಅಟ್ಲಾಂಟಿಕ್ ಕಡೆ ಇರುವ ಕೇಪ್ ಬೇಸಿನ್ನಿನ ಮಡ್ಡಿಯಲ್ಲಿ ಈ ಪ್ರಯಾಣಿಕ ಫೊರಾಮ್‌ಗಳನ್ನು ಎಣಿಸಿ 2004ರಲ್ಲಿ ಪ್ರಕಟಿಸಿದರು. ಸುಮಾರು ಐದೂವರೆ ಲಕ್ಷ ವರ್ಷದ ದಾಖಲೆ. ಹಿಮಯುಗ ಜೋರಾಗಿದ್ದಾಗ ಈ ಸೋರಿಕೆ ತಗ್ಗುತ್ತದೆ. ಹಿಮಯುಗ ಮುಗಿಯುವ ಹೊತ್ತಿಗೆ ಬಾಗಿಲು ದೊಡ್ಡದಾಗಿ ತೆರೆಯುತ್ತದೆ. ಕೆಟ್ಟ ಥರ್ಮಾಮೀಟರ್ ಅಂತ ಬದಿಗೆ ಸರಿಸಿದ ಚಿಪ್ಪು, ದಾರಿ ತೆರೆದಿದೆಯೋ ಮುಚ್ಚಿದೆಯೋ ಅಂತ ಹೇಳುವ ಗುರುತಾಯಿತು.

ಇದು ಬರೀ ಕುತೂಹಲದ ಕಥೆಯೂ ಅಲ್ಲ. ಹಾಗೆ ಸೋರಿ ಹೋಗುವ ನೀರು ಉಪ್ಪು ಜಾಸ್ತಿ ಇರುವ ನೀರು. ಉಪ್ಪು ನೀರು ಭಾರ. ಅಟ್ಲಾಂಟಿಕ್‌ನ ಉತ್ತರದ ತುದಿಯಲ್ಲಿ ಅದು ತಣ್ಣಗಾದಾಗ ಮುಳುಗುತ್ತದೆ, ಮುಳುಗಿದ್ದು ಆಳದಲ್ಲಿ ದಕ್ಷಿಣಕ್ಕೆ ಹರಿಯುತ್ತದೆ. ಯುರೋಪಿನ ಚಳಿಗಾಲ ಈಗಿನಷ್ಟು ಹದವಾಗಿರಲು ಈ ಓಡಾಟದ ಪಾಲೂ ಇದೆ.

ಒಂದು ಮಾತು ಸೇರಿಸದಿದ್ದರೆ ನಾನೂ ಆ ಮೇಜಿನ ಹಿರಿಯರಂತೆಯೇ ಆಗುತ್ತೇನೆ. ಹಿಮ ಕರಗಿದ ಕೂಡಲೇ ಮೆನಾರ್ಡಿಯೈ ಅಟ್ಲಾಂಟಿಕ್‌ಗೆ ವಾಪಸ್ ಬರಲಿಲ್ಲ, ಸಾವಿರಾರು ವರ್ಷ ತಡ ಮಾಡಿತು. ಬಾಗಿಲು ತೆರೆದರೆ ಸಾಲದು, ಮೇಲ್ಪದರದ ಕೆಳಗಿನ ನೀರೂ ಅದಕ್ಕೆ ಒಗ್ಗಬೇಕು ಅಂತ ವಾದಿಸುವವರಿದ್ದಾರೆ. ವಾದ ಇನ್ನೂ ಮುಗಿದಿಲ್ಲ. ಮುಗಿಯಬೇಕಾದರೆ ಇನ್ನಷ್ಟು ಎಣಿಸಬೇಕು!

ಈಗ ದೊಡ್ಡಮ್ಮನ ಬೋಂಡದ ವಿಷಯ. ಬುಲ್ಲಾಯ್ಡಿಸ್ ಹೆಚ್ಚಾಗಿ ತಣ್ಣೀರಿನ ಜೀವಿ. ಆದರೆ ಮಳೆಗಾಲದಲ್ಲಿ ಒಮಾನ್ ಮತ್ತು ಸೊಮಾಲಿಯಾ ತೀರದಲ್ಲಿ ನೈಋತ್ಯದ ಗಾಳಿ ಮೇಲಿನ ನೀರನ್ನು ಆಚೆ ತಳ್ಳುತ್ತದೆ. ಕೆಳಗಿನ ತಣ್ಣನೆಯ, ಪೋಷಕಾಂಶ ತುಂಬಿದ ನೀರು ಮೇಲೇಳುತ್ತದೆ. ಆಗ ಬುಲ್ಲಾಯ್ಡಿಸ್‌ಗೆ ಹಬ್ಬ. ನಮ್ಮ ತೀರದಲ್ಲೂ ಇಂಥದ್ದೇ ಆಗುತ್ತದೆ, ಅಷ್ಟು ಜೋರಾಗಿ ಅಲ್ಲ. ಮಳೆಗಾಲ ಮುಗಿಯುತ್ತ ಬೂತಾಯಿ ಮೀನು ಬಲೆ ತುಂಬ ಬೀಳುವುದಕ್ಕೂ ಇದಕ್ಕೂ ನಂಟಿದೆ. ಬುಲ್ಲಾಯ್ಡಿಸ್‌ನ ಈ ಹಬ್ಬದ ಮಾತು ಯಾರೂ ಊಹಿಸಿ ಹೇಳಿದ್ದಲ್ಲ. ಗೋವಾದ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆಯವರು ಜರ್ಮನಿಯ ಹ್ಯಾಂಬರ್ಗಿನವರ ಜೊತೆ ಸೇರಿ 1986ರಿಂದ ಅರಬ್ಬಿ ಸಮುದ್ರದ ಆಳದಲ್ಲಿ ದೊಡ್ಡ ದೊಡ್ಡ ಆಲಿಕೆಗಳನ್ನು ಕಟ್ಟಿಟ್ಟರು. ಮೇಲಿಂದ ಬೀಳುವುದೆಲ್ಲ ಕೆಳಗಿನ ಬಟ್ಟಲಿನಲ್ಲಿ ಶೇಖರ ಆಗುತ್ತದೆ, ಕೆಲವು ವಾರಕ್ಕೊಮ್ಮೆ ಬಟ್ಟಲು ತಾನಾಗಿ ಬದಲಾಗುತ್ತದೆ. ಆ ಬಟ್ಟಲುಗಳನ್ನು ನೋಡಿದರೆ ಪಶ್ಚಿಮದ ಕಡೆ ಮಳೆಗಾಲದಲ್ಲಿ ಬುಲ್ಲಾಯ್ಡಿಸ್ ಸುರಿಯುವುದು ಕಾಣುತ್ತದೆ.

ಆ ಕೀಲಿ ಕೈಗೆ ಸಿಕ್ಕ ಮೇಲೆ ಹಳೆಯ ಮಡ್ಡಿ ಓದಬಹುದು. ಅಂತರರಾಷ್ಟ್ರೀಯ ಸಮುದ್ರ ಕೊರೆತದ ಯೋಜನೆಯವರು ಒಮಾನ್ ತೀರದಾಚೆ 1987ರಲ್ಲಿ ಕೊರೆದ, 723 ಅಂತ ನಂಬರು ಕೊಟ್ಟ ಜಾಗದ ಕೋರ್‌ನಲ್ಲಿ ಅನಿಲ್ ಗುಪ್ತಾ ಮತ್ತು ಸಂಗಡಿಗರು ಬುಲ್ಲಾಯ್ಡಿಸ್ ಎಣಿಸಿದರು. ಉತ್ತರ ಅಟ್ಲಾಂಟಿಕ್ ತಣ್ಣಗಾದ ಹೊತ್ತಿನಲ್ಲೆಲ್ಲ ನಮ್ಮ ಮಳೆಗಾಲದ ಗಾಳಿ ಸೋತಿತ್ತು ಅಂತ 2003ರಲ್ಲಿ ಬರೆದರು. ಇದನ್ನು ಓದಿದವರು ಕೂಡಲೇ "ಆಗ ಬರಗಾಲ ಇತ್ತಂತೆ" ಅಂತ ಶುರು ಮಾಡುತ್ತಾರೆ. ನಿಲ್ಲಿ. ಒಮಾನ್ ತೀರದ ಗಾಳಿ ಬೇರೆ, ಆಗುಂಬೆಯ ಮಳೆ ಬೇರೆ. ಹೋಗಲಿ, ತಳದ ಹುಳಗಳು ಮಡ್ಡಿಯನ್ನು ಕದಡಿ ಪದರ ಬೆರೆಸುತ್ತವೆ. ತುಂಬ ಆಳದಲ್ಲಿ ಸುಣ್ಣ ಕರಗಿ ತೆಳು ಚಿಪ್ಪಿನವು ಮೊದಲು ಮಾಯವಾಗುತ್ತವೆ. ಆಗ ಉಳಿದವುಗಳ ಶೇಕಡಾವಾರು ಸುಮ್ನೆ ಏರಿದ ಹಾಗೆ ಕಾಣುತ್ತದೆ. ತುಂಡಾದ ಚಿಪ್ಪು ಎಷ್ಟಿವೆ ಅಂತಲೂ ಎಣಿಸುವುದು ಅದಕ್ಕೇ. ಇದೆಲ್ಲ ಗೊತ್ತಾಗುವುದು ತಟ್ಟೆ ನೋಡಿದವರಿಗೆ, ಗ್ರಾಫ್ ನೋಡಿದವರಿಗಲ್ಲ.

ಮೆಷಿನ್ ಬೇಡ ಅಂತ ನಾನು ಹೇಳುತ್ತಿಲ್ಲ. ಐಸೊಟೋಪ್ ಅಳತೆ ಇಲ್ಲದಿದ್ದರೆ ಈ ವಿಜ್ಞಾನದ ಅರ್ಧವೇ ಇಲ್ಲ. ಆದರೆ ಮೆಷಿನ್ನಿಗೆ ಯಾವ ಚಿಪ್ಪು ಹಾಕಿದಿರಿ? ಮೇಲ್ಪದರದ ಜಾತಿ ಮತ್ತು ಆಳದ ಜಾತಿ ಬೆರೆಸಿ ಹಾಕಿದರೂ ಅದು ನಂಬರ್ ಕೊಡುತ್ತದೆ, ದಶಮಾಂಶದ ಸಮೇತ. ನೀವು ಹಾಕಿದ್ದು ತಪ್ಪು ಅಂತ ಮಾತ್ರ ಹೇಳುವುದಿಲ್ಲ. ಈಗ ಕಂಪ್ಯೂಟರೇ ಫೋಟೋ ನೋಡಿ ಜಾತಿ ಹೇಳುತ್ತದೆ, ನಿಜ. ಅದಕ್ಕೆ ಕಲಿಸಲು ಮಾಡಿದ ಒಂದು ಸಂಗ್ರಹದಲ್ಲಿ 34,000ಕ್ಕೂ ಜಾಸ್ತಿ ಚಿತ್ರಗಳಿವೆ. ಅವಕ್ಕೆ ಹೆಸರು ಕೊಟ್ಟವರು ಯಾರು? ತಟ್ಟೆಯ ಮುಂದೆ ಕೂತು ಕಣ್ಣು ಕೆಂಪು ಮಾಡಿಕೊಂಡವರೇ. ಅವರೊಳಗೂ ಎಷ್ಟೋ ಚಿಪ್ಪಿನ ಬಗ್ಗೆ ಒಮ್ಮತ ಇರುವುದಿಲ್ಲ. ಆ ಕಣ್ಣುಗಳು ನಿವೃತ್ತಿ ಆಗುತ್ತಿವೆ. ಹೊಸ ಕಣ್ಣು ತಯಾರಾಗಲು ಬೇಕಾದ್ದು ಆರು ತಿಂಗಳ ಸಂಬಳ, ಅದನ್ನೇ ನಾವು ಹೊಡೆದು ಹಾಕುತ್ತೇವೆ.

ಸ್ನೇಹಿತೆ ಈಗ ಸಂಜೆ ಹೊತ್ತು ತಾನೇ ಕೂತು ಎಣಿಸುತ್ತಿದ್ದಾಳೆ. ಶನಿವಾರ ನಾನೂ ಹೋಗುತ್ತೇನೆ. ಕರಾವಳಿಯಲ್ಲಿರುವ ಬಿಎಸ್ಸಿ, ಎಂಎಸ್ಸಿ ಮಕ್ಕಳು ಯಾರಿಗಾದರೂ ಕಲಿಯುವ ಆಸೆ ಇದ್ದರೆ ಇನ್‌ಬಾಕ್ಸಿಗೆ ಬನ್ನಿ. ಮೈಕ್ರೊಸ್ಕೋಪ್ ಇದೆ, ಬ್ರಷ್ ಇದೆ, ಚಹಾ ನಾನು ಕೊಡಿಸುತ್ತೇನೆ. ಫ್ಯಾನ್ ಮಾತ್ರ ಇರುವುದಿಲ್ಲ.