ಕಿಕ್‌ನಲ್ಲಿ ಸೋತರು, ಓಟದ ಕೋಚನ್ನು ಕಳಿಸಿದರು

335 ಮತ್ತು 272. ಮೊದಲನೆಯದು 2021ರ ಸೀಸನ್ನಿನಲ್ಲಿ ನೆಬ್ರಾಸ್ಕಾ ಯೂನಿವರ್ಸಿಟಿಯ ಫುಟ್‌ಬಾಲ್ ಟೀಮು ಗಳಿಸಿದ ಒಟ್ಟು ಪಾಯಿಂಟ್. ಎರಡನೆಯದು ಎದುರಾಳಿಗಳೆಲ್ಲ ಸೇರಿ ಇವರ ಮೇಲೆ ಗಳಿಸಿದ್ದು. ಹೀಗೆ 63 ಪಾಯಿಂಟ್ ಜಾಸ್ತಿ ಹೊಡೆದ ಟೀಮು ಆ ವರ್ಷ ಆಡಿದ 12 ಪಂದ್ಯಗಳಲ್ಲಿ 9 ಸೋತಿತು. ಒಂದು ಸೋಲೂ 9 ಪಾಯಿಂಟ್ ದಾಟಲಿಲ್ಲ.

ಈಗ ಯಾಕೆ ಇದು ನೆನಪಾಯಿತು ಅಂದರೆ, 2025ರ ಅಕ್ಟೋಬರ್ ಒಂದೇ ತಿಂಗಳಲ್ಲಿ ಪೆನ್ ಸ್ಟೇಟ್, ಫ್ಲೋರಿಡಾ, ಎಲ್‌ಎಸ್‌ಯು (ಲೂಯಿಸಿಯಾನಾ ಸ್ಟೇಟ್) ಮೂರೂ ಯೂನಿವರ್ಸಿಟಿಗಳಲ್ಲಿ ಸೀಸನ್ ನಡೆಯುತ್ತಿರುವಾಗಲೇ ಕೋಚ್‌ಗಳನ್ನು ಮನೆಗೆ ಕಳಿಸಿದರು. ಆಗಿನಿಂದ ಆಫೀಸಿನಲ್ಲಿ ಇದೇ ಮಾತು. ಕೋಚ್ ಬದಲಾದರೆ ಎಲ್ಲ ಸರಿಹೋಗುತ್ತೆ ಅಂತ ಅಷ್ಟು ಧೈರ್ಯವಾಗಿ ಮಾತಾಡೋರು ನೆಬ್ರಾಸ್ಕಾದ್ದೇ ಊರಾದ ಒಮಾಹಾದಲ್ಲಿ ಕೂತಿದ್ದಾರಲ್ಲ, ಅದೇ ಆಶ್ಚರ್ಯ. ಈ ಔಷಧಿಯನ್ನು ಇಷ್ಟು ಸಲ ಕುಡಿದ ಊರು ಬೇರೆ ಇರಲಿಕ್ಕಿಲ್ಲ.

ಅಮೆರಿಕದ ಹೊರಗಿರುವ ಗೆಳೆಯರಿಗೆ ಸ್ವಲ್ಪ ಹಿನ್ನೆಲೆ. ಇದು ಹೆಲ್ಮೆಟ್ ಹಾಕಿ ಆಡುವ ಅಮೆರಿಕನ್ ಫುಟ್‌ಬಾಲ್. ನೆಬ್ರಾಸ್ಕಾದಲ್ಲಿ ಎನ್‌ಎಫ್‌ಎಲ್ (ವೃತ್ತಿಪರ ಫುಟ್‌ಬಾಲ್ ಲೀಗ್) ಟೀಮ್ ಇಲ್ಲ, ಎನ್‌ಬಿಎ (ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್) ಟೀಮೂ ಇಲ್ಲ. ಇಡೀ ರಾಜ್ಯಕ್ಕೆ ಇರೋದು ಲಿಂಕನ್‌ನ ಈ ಕಾಲೇಜು ಟೀಮ್, ಹಸ್ಕರ್ಸ್. ಶನಿವಾರ ಪಂದ್ಯ ಇದ್ದರೆ ಅಂಗಡಿಗೆ ಹಾಲು ತರಲು ಹೋದರೂ ಎಲ್ಲೆಲ್ಲೂ ಕೆಂಪು ಅಂಗಿ. ಮೆಮೋರಿಯಲ್ ಸ್ಟೇಡಿಯಂ 85 ಸಾವಿರಕ್ಕೂ ಜಾಸ್ತಿ ಜನ ಹಿಡಿಸುತ್ತೆ, ಪಂದ್ಯದ ದಿನ ಅದೇ ರಾಜ್ಯದ ಮೂರನೇ ದೊಡ್ಡ ಊರು ಅಂತ ಇಲ್ಲಿನವರು ಹೇಳಿಕೊಳ್ಳುತ್ತಾರೆ. 1962ರಿಂದ ಎಲ್ಲ ಪಂದ್ಯಗಳ ಟಿಕೆಟ್ಟೂ ಖಾಲಿ ಅನ್ನೋದು ಇವರ ದೊಡ್ಡ ಹೆಮ್ಮೆ. 1970, 71, 94, 95, 97 ಹೀಗೆ 5 ರಾಷ್ಟ್ರೀಯ ಪ್ರಶಸ್ತಿ. ಆಮೇಲೆ ಒಂದೂ ಇಲ್ಲ.

2021ಕ್ಕೆ ಬರೋಣ. ಆ ಸೋಲುಗಳನ್ನು ಒಂದೊಂದಾಗಿ ನೋಡಿದರೆ ಹೊಟ್ಟೆ ಉರಿಯುತ್ತೆ.

ಮೊದಲ ಪಂದ್ಯ ಇಲಿನಾಯ್ ವಿರುದ್ಧ, 30-22 ಸೋಲು. ಅಲ್ಲಿ ಪಂಟ್ (ಎದುರಾಳಿ ದೂರಕ್ಕೆ ಒದ್ದು ಕಳಿಸಿದ ಚೆಂಡು) ಹಿಡಿದ ಆಟಗಾರ ತನ್ನದೇ ಎಂಡ್ ಝೋನ್‌ನಲ್ಲಿ, ಅಂದರೆ ಮೈದಾನದ ತುದಿಯ ಪಟ್ಟಿಯಲ್ಲಿ, ಸಿಕ್ಕಿಬಿದ್ದು ಎದುರಾಳಿಗೆ 2 ಪಾಯಿಂಟ್ ದಾನ ಮಾಡಿದ. ಟಚ್‌ಡೌನ್ (ಚೆಂಡನ್ನು ಎದುರಾಳಿಯ ಎಂಡ್ ಝೋನ್‌ಗೆ ಒಯ್ಯೋದು) ಆದಮೇಲಿನ ಎಕ್ಸ್‌ಟ್ರಾ ಪಾಯಿಂಟ್ ಕಿಕ್ ಎರಡು ತಪ್ಪಿದವು. ಹೈಸ್ಕೂಲ್ ಹುಡುಗರೂ ಹೊಡೆಯೋ ಕಿಕ್ ಅದು. ಒಕ್ಲಹೋಮಾ ವಿರುದ್ಧ 23-16 ಸೋತರು. ಆ ಪಂದ್ಯದಲ್ಲೂ ಇಂಥದೇ ಒಂದು ಎಕ್ಸ್‌ಟ್ರಾ ಪಾಯಿಂಟ್ ಕಿಕ್ಕನ್ನು ಅವರು ತಡೆದು, ಚೆಂಡು ಎತ್ತಿಕೊಂಡು ಮೈದಾನದ ಆ ತುದಿವರೆಗೆ ಓಡಿ 2 ಪಾಯಿಂಟ್ ಮಾಡಿಕೊಂಡರು. ಒಂದು ಬರಬೇಕಾದ ಕಡೆ ಎರಡು ಹೋಯಿತು.

ಮಿಷಿಗನ್ ಸ್ಟೇಟ್ ಪಂದ್ಯ ನೆನೆಸಿಕೊಂಡರೆ ಈಗಲೂ ಬೇಜಾರು. 20-13 ಮುಂದಿದ್ದರು. ಸೆಕೆಂಡ್ ಹಾಫ್‌ನಲ್ಲಿ ಎದುರಾಳಿಗೆ ಒಂದೇ ಒಂದು ಫಸ್ಟ್ ಡೌನ್ (ಚೆಂಡನ್ನು 10 ಗಜ ಮುಂದೆ ಒಯ್ಯೋದು) ಕೊಟ್ಟಿರಲಿಲ್ಲ. ಅಷ್ಟು ಗಟ್ಟಿ ಡಿಫೆನ್ಸ್. ಇನ್ನು ಕೆಲವೇ ನಿಮಿಷ ಉಳಿದಿದೆ, ಪಂಟ್ ಮಾಡಿ ಚೆಂಡು ದೂರ ಕಳಿಸಿದರೆ ಮುಗೀತು. ಟೀಮೆಲ್ಲ ಒಂದು ಕಡೆ ಓಡಿತು, ಚೆಂಡು ಇನ್ನೊಂದು ಕಡೆ ಹೋಯಿತು. ಅವರ ಹುಡುಗ ಖಾಲಿ ಮೈದಾನದಲ್ಲಿ ಹಾಯಾಗಿ ಓಡಿ ಟಚ್‌ಡೌನ್ ಮಾಡಿದ. ಓವರ್‌ಟೈಮ್‌ನಲ್ಲಿ 23-20 ಸೋಲು. ಚೆಂಡು ಎಸೆದು ಆಟ ನಡೆಸುವ ಕ್ವಾರ್ಟರ್‌ಬ್ಯಾಕ್ ಏಡ್ರಿಯನ್ ಮಾರ್ಟಿನೆಜ್‌ಗೆ ಆ ಪಂದ್ಯದಲ್ಲೇ ದವಡೆ ಮುರಿದಿತ್ತು ಅನ್ನೋದು ಆಮೇಲೆ ಗೊತ್ತಾಯಿತು. ಆ ದವಡೆ ಇಟ್ಟುಕೊಂಡೇ ಹುಡುಗ ಮುಂದಿನ ಪಂದ್ಯಗಳನ್ನೂ ಆಡಿದ.

ಮಿಷಿಗನ್, ಮಿನೆಸೋಟಾ, ಪರ್ಡ್ಯೂ, ಒಹಾಯೊ ಸ್ಟೇಟ್. ಇವನ್ನು ಬಿಡಿ, ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನೋ ಅದೇ ಕಥೆ.

ಒಹಾಯೊ ಸ್ಟೇಟ್ ಸೋಲಿನ ಎರಡು ದಿನಕ್ಕೆ, ನವೆಂಬರ್ 8ರಂದು ಸುದ್ದಿ ಬಂತು. ನಾಲ್ವರು ಅಸಿಸ್ಟೆಂಟ್ ಕೋಚ್‌ಗಳು ಔಟ್. ಅಫೆನ್ಸ್ ಕೋಆರ್ಡಿನೇಟರ್ ಮ್ಯಾಟ್ ಲೂಬಿಕ್, ಲೈನ್ ಕೋಚ್ ಗ್ರೆಗ್ ಆಸ್ಟಿನ್, ಕ್ವಾರ್ಟರ್‌ಬ್ಯಾಕ್ ಕೋಚ್ ಮಾರಿಯೊ ವರ್ಡುಸ್ಕೊ, ರನ್ನಿಂಗ್ ಬ್ಯಾಕ್ (ಚೆಂಡು ಹಿಡಿದು ಓಡುವವರ) ಕೋಚ್ ರಯನ್ ಹೆಲ್ಡ್. ಹೆಡ್ ಕೋಚ್ ಸ್ಕಾಟ್ ಫ್ರಾಸ್ಟ್ ಮಾತ್ರ ಉಳಿದರು. ಸಂಬಳ 50 ಲಕ್ಷ ಡಾಲರಿನಿಂದ 40 ಲಕ್ಷಕ್ಕೆ ಇಳಿಯಿತು, ಅಷ್ಟೇ. ಸೀಸನ್ ಇನ್ನೂ ಮುಗಿದಿರಲಿಲ್ಲ, ಎರಡು ಪಂದ್ಯ ಬಾಕಿ ಇದ್ದವು.

ನನ್ನ ತಕರಾರು ಇರೋದು ಇಲ್ಲೇ. ನಾಲ್ಕೂ ಜನ ಅಫೆನ್ಸ್ ಕಡೆಯವರು. ಅಂದರೆ ಟಚ್‌ಡೌನ್ ಹೊಡೆಸುವವರು. ಪಂದ್ಯ ಕೈಬಿಡುತ್ತಿದ್ದದ್ದು ಪಂಟ್, ಕಿಕ್, ರಿಟರ್ನ್ ಇವುಗಳಲ್ಲಿ, ಅಂದರೆ ಸ್ಪೆಷಲ್ ಟೀಮ್ಸ್‌ನಲ್ಲಿ. ಅಫೆನ್ಸ್ ತಪ್ಪೇ ಮಾಡಲಿಲ್ಲ ಅಂತ ನಾನು ಹೇಳಲ್ಲ. ಮಿಷಿಗನ್ ವಿರುದ್ಧ 29-29 ಇದ್ದಾಗ ಕೊನೇ ಗಳಿಗೆಯಲ್ಲಿ ಚೆಂಡು ಕಳೆದುಕೊಂಡದ್ದು ಮಾರ್ಟಿನೆಜೇ. ಆದರೆ ನಾಲ್ವರನ್ನು ಒಂದೇ ಬೆಳಗ್ಗೆ ಕಳಿಸಿ, ರೋಗ ಸಿಕ್ಕಿತು ಅಂದರೆ ಯಾರು ನಂಬಬೇಕು? ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ, ಅಷ್ಟೇ. ನಾಲ್ಕು ಕೊತ್ತಿ.

ಇದರ ಉತ್ತರ ಹುಡುಕಲು ಬಹಳ ದಿನ ಕಾಯಬೇಕಾಗಲಿಲ್ಲ. ಬಾಕಿ ಎರಡು ಪಂದ್ಯಗಳಲ್ಲಿ ವಿಸ್ಕಾನ್ಸಿನ್ ವಿರುದ್ಧ 35-28 ಸೋತರು. ಕೊನೆಯದು ಪಕ್ಕದ ಐಯೋವಾ. 21-6 ಮುಂದಿದ್ದರು. ಅಲ್ಲಿಂದ ಸತತ 22 ಪಾಯಿಂಟ್ ಬಿಟ್ಟುಕೊಟ್ಟು 28-21 ಸೋತರು. ಪಂದ್ಯ ತಿರುಗಿದ್ದು ಎಲ್ಲಿ ಗೊತ್ತಾ? ನೆಬ್ರಾಸ್ಕಾದ ಪಂಟನ್ನು ಐಯೋವಾ ತಡೆದು ಟಚ್‌ಡೌನ್ ಮಾಡಿಕೊಂಡಾಗ. ಮತ್ತೆ ಪಂಟ್! ಆಮೇಲೆ ಎಚ್ಚರ ಆಗಿ ಮುಂದಿನ ವರ್ಷಕ್ಕೆ ಬಿಲ್ ಬುಶ್ ಅವರನ್ನು ಸ್ಪೆಷಲ್ ಟೀಮ್ಸ್‌ಗೆ ಹಾಕಿದರು. ಆ ಕೆಲಸ ಮೊದಲು ಮಾಡಬೇಕಿತ್ತು ಅಲ್ವಾ?

ಅಸಿಸ್ಟೆಂಟ್ ಕೋಚ್ ಅಂದರೆ ಸುಮ್ನೆ ಕ್ಲಿಪ್‌ಬೋರ್ಡ್ ಹಿಡಿದು ನಿಲ್ಲುವವರಲ್ಲ. ಹೈಸ್ಕೂಲ್ ಹುಡುಗನ ಮನೆಗೆ ಹೋಗಿ, ಅವರಮ್ಮ ಮಾಡಿದ ಊಟ ಉಂಡು, ನಿಮ್ಮ ಮಗನನ್ನು ನಾನು ನೋಡಿಕೊಳ್ತೀನಿ ಅಂತ ಮಾತು ಕೊಟ್ಟು ಕರೆತರುವವರು ಇವರೇ. ಹುಡುಗನಿಗೆ ದಿನಾ ಸಿಗುವವರೂ ಇವರೇ. ಟೀವಿಯಲ್ಲಿ ಮುಖ ಕಾಣೋದು ಹೆಡ್ ಕೋಚ್‌ದು. ಆ ವರ್ಷದ ಏಪ್ರಿಲ್‌ನಲ್ಲಿ ಆಟಗಾರರು ಒಂದು ಸಲ ಕಾಲೇಜು ಬದಲಿಸಿ ತಕ್ಷಣ ಆಡಬಹುದು ಅಂತ ನಿಯಮ ಬೇರೆ ಬಂದಿತ್ತು. ಕೋಚ್ ಹೋದರೆ ಹುಡುಗರೂ ಗಂಟುಮೂಟೆ ಕಟ್ಟೋದು ಸುಲಭವಾಯಿತು. ಮಾರ್ಟಿನೆಜ್ ಕ್ಯಾನ್ಸಸ್ ಸ್ಟೇಟ್‌ಗೆ ಹೋದ.

ಮುಂದೆ ಏನಾಯಿತು ನೋಡಿ. 2022ರ ಸೆಪ್ಟೆಂಬರ್ 17ರಂದು ಒಕ್ಲಹೋಮಾ ಲಿಂಕನ್‌ಗೆ ಬಂದು ನೆಬ್ರಾಸ್ಕಾವನ್ನು 49-14 ಬಡಿಯಿತು. ಸರಿಯಾಗಿ ಒಂದು ವಾರಕ್ಕೆ ಅದೇ ಒಕ್ಲಹೋಮಾವನ್ನು ಅವರದೇ ಮೈದಾನದಲ್ಲಿ ಕ್ಯಾನ್ಸಸ್ ಸ್ಟೇಟ್ 41-34 ಸೋಲಿಸಿತು. ಕ್ವಾರ್ಟರ್‌ಬ್ಯಾಕ್ ಮಾರ್ಟಿನೆಜ್. ತಾನೇ ಓಡಿ 4 ಟಚ್‌ಡೌನ್, ಎಸೆದು ಇನ್ನೊಂದು. ಒಮಾಹಾದಲ್ಲಿ ಸಮಸ್ಯೆ ಅನ್ನಿಸಿಕೊಂಡ ಹುಡುಗ ಅವನು.

ಹಾಗಾದರೆ ಫ್ರಾಸ್ಟ್‌ರನ್ನು ಯಾಕೆ ಉಳಿಸಿಕೊಂಡರು? ಹಿತ್ತಲ ಗಿಡ ಮದ್ದಲ್ಲ ಅಂತೀವಿ ನಾವು. ಇಲ್ಲಿ ಉಲ್ಟಾ, ಹಿತ್ತಲ ಗಿಡವೇ ಸಂಜೀವಿನಿ ಅಂತ ಇಡೀ ರಾಜ್ಯ ನಂಬಿತ್ತು. ಫ್ರಾಸ್ಟ್ ವುಡ್ ರಿವರ್ ಅನ್ನೋ ಪುಟ್ಟ ಊರಿನ ಹುಡುಗ, 1997ರ ಚಾಂಪಿಯನ್ ಟೀಮಿನ ಕ್ವಾರ್ಟರ್‌ಬ್ಯಾಕ್. ಕೋಚ್ ಆಗಿ ಯುಸಿಎಫ್‌ಗೆ (ಸೆಂಟ್ರಲ್ ಫ್ಲೋರಿಡಾ ಯೂನಿವರ್ಸಿಟಿ) ಹೋದಾಗ ಅದು ಹಿಂದಿನ ವರ್ಷ 0-12, ಅಂದರೆ 0 ಗೆಲುವು 12 ಸೋಲು, ಆಗಿದ್ದ ಟೀಮು. ಎರಡೇ ವರ್ಷದಲ್ಲಿ, 2017ರಲ್ಲಿ, 13-0 ಮಾಡಿಬಿಟ್ಟರು. ಅಂಥವರು ತವರಿಗೆ ವಾಪಸ್ ಬಂದಾಗ ಇಲ್ಲಿ ಹಬ್ಬವೇ. ಮೊದಲ ಸೀಸನ್ನಿನಲ್ಲೇ ಸತತ 6 ಸೋಲು. ಒಟ್ಟು ಲೆಕ್ಕ 16 ಗೆಲುವು, 31 ಸೋಲು. ಅದರಲ್ಲೂ 8 ಪಾಯಿಂಟ್ ಒಳಗೆ ಮುಗಿದ ಪಂದ್ಯಗಳಲ್ಲಿ 5 ಗೆಲುವು, 22 ಸೋಲು. ಈ ಕೊನೆಯ ಲೆಕ್ಕ ಲೂಬಿಕ್‌ದೂ ಅಲ್ಲ, ಹೆಲ್ಡ್‌ದೂ ಅಲ್ಲ. ಟೈಟ್ ಪಂದ್ಯದ ಕೊನೆ ಗಳಿಗೆಯಲ್ಲಿ ಏನು ಮಾಡಬೇಕು ಅಂತ ತೀರ್ಮಾನಿಸುವವರು ಒಬ್ಬರೇ ಇರೋದು.

ಅದು ಡಬ್ಲಿನ್‌ನಲ್ಲಿ ಎಲ್ಲರಿಗೂ ಕಂಡಿತು. 2022ರ ಮೊದಲ ಪಂದ್ಯ, ಐರ್ಲೆಂಡಿನಲ್ಲಿ, ನಾರ್ತ್‌ವೆಸ್ಟರ್ನ್ ವಿರುದ್ಧ. ಮೂರನೇ ಕ್ವಾರ್ಟರ್, 28-17 ಮುಂದಿದ್ದಾರೆ. ಆಗ ಫ್ರಾಸ್ಟ್ ಆನ್‌ಸೈಡ್ ಕಿಕ್ ಮಾಡಿಸಿದರು. ಅಂದರೆ ಚೆಂಡನ್ನು ದೂರ ಹೊಡೆಯದೆ ಹತ್ತಿರವೇ ತಟ್ಟಿ, ನಾವೇ ಹಿಡಿದುಕೊಳ್ಳೋ ಜೂಜು. ಸಾಮಾನ್ಯವಾಗಿ ಸೋಲುತ್ತಿರುವವರು ಕೊನೆಗೆ ಆಡುವ ಜೂಜು. ಚೆಂಡು ನಾರ್ತ್‌ವೆಸ್ಟರ್ನ್ ಕೈಗೆ ಹೋಯಿತು, ಪಂದ್ಯವೂ ಹೋಯಿತು, 31-28. ನಾರ್ತ್‌ವೆಸ್ಟರ್ನ್ ಆ ಇಡೀ ವರ್ಷ ಗೆದ್ದದ್ದು ಅದೊಂದೇ ಪಂದ್ಯ. ಅಮೆರಿಕದ ನೆಲದ ಮೇಲೆ ಒಂದೂ ಗೆಲ್ಲಲಿಲ್ಲ.

ಎರಡು ವಾರದ ನಂತರ ಜಾರ್ಜಿಯಾ ಸದರ್ನ್. ದೊಡ್ಡ ಟೀಮ್‌ಗಳು ಇಂಥ ಚಿಕ್ಕ ಟೀಮ್‌ಗಳನ್ನು ಹಣ ಕೊಟ್ಟು ಕರೆಸೋದೇ ಸುಲಭವಾಗಿ ಗೆಲ್ಲಲಿಕ್ಕೆ. 45-42 ಸೋಲು. ತವರಿನಲ್ಲಿ 35 ಅಥವಾ ಹೆಚ್ಚು ಪಾಯಿಂಟ್ ಹೊಡೆದ 214 ಪಂದ್ಯಗಳಲ್ಲಿ ಅಲ್ಲಿವರೆಗೆ ನೆಬ್ರಾಸ್ಕಾ ಒಂದನ್ನೂ ಸೋತಿರಲಿಲ್ಲ. (ಆ ವರ್ಷ ಹೀಲಿಯಂ ಕೊರತೆ ಅಂತ ಮೊದಲ ಟಚ್‌ಡೌನ್‌ಗೆ ಕೆಂಪು ಬಲೂನ್ ಬಿಡುವ ಹಳೇ ಸಂಪ್ರದಾಯವನ್ನೂ ನಿಲ್ಲಿಸಿದರು. ಬಲೂನ್ ಇಲ್ಲದಿದ್ದರೂ ಗಾಳಿ ಹೋಗಿತ್ತು ಬಿಡಿ.)

ಮಾರನೇ ದಿನ, ಸೆಪ್ಟೆಂಬರ್ 11ರಂದು ಫ್ರಾಸ್ಟ್ ಔಟ್. ಪರಿಹಾರ ಸುಮಾರು 1.5 ಕೋಟಿ ಡಾಲರ್. ಅಕ್ಟೋಬರ್ 1ರವರೆಗೆ ಕಾದಿದ್ದರೆ ಒಪ್ಪಂದದ ಪ್ರಕಾರ ಅದು 75 ಲಕ್ಷಕ್ಕೆ ಇಳಿಯುತ್ತಿತ್ತು. ಹಿಂದಿನ ನವೆಂಬರ್‌ನಲ್ಲಿ ಕೂತು ಹಣ ಉಳಿಸಲು ಈ ಷರತ್ತನ್ನು ಬರೆಸಿಕೊಂಡದ್ದು ಯೂನಿವರ್ಸಿಟಿಯ ಕ್ರೀಡಾ ಮುಖ್ಯಸ್ಥ (ಅಥ್ಲೆಟಿಕ್ ಡೈರೆಕ್ಟರ್) ಟ್ರೆವ್ ಆಲ್ಬರ್ಟ್ಸ್. ಅವರೇ 20 ದಿನ ತಾಳಲಿಲ್ಲ. ಇದು ತೆರಿಗೆ ಹಣವಲ್ಲ ನಿಜ, ಟಿಕೆಟ್, ಟೀವಿ, ದಾನಿಗಳ ದುಡ್ಡು. ಆದರೂ ದುಡ್ಡು ದುಡ್ಡೇ. ಟೆಕ್ಸಸ್ ಎ ಅಂಡ್ ಎಂ 2023ರಲ್ಲಿ ಜಿಂಬೊ ಫಿಶರ್‌ನ ಕಳಿಸಲು 7.5 ಕೋಟಿ ಡಾಲರಿಗೂ ಜಾಸ್ತಿ ತೆರಲು ಒಪ್ಪಿದ್ದನ್ನು ನೋಡಿದರೆ ನೆಬ್ರಾಸ್ಕಾದವರು ಜಿಪುಣರೇ ಅನ್ನಬೇಕು. ಕಾಕತಾಳೀಯ ಅಂದರೆ, ಮುಂದಿನ ವರ್ಷ ಆಲ್ಬರ್ಟ್ಸ್ ಹೋಗಿ ಸೇರಿದ್ದೂ ಅದೇ ಟೆಕ್ಸಸ್ ಎ ಅಂಡ್ ಎಂ.

ಇಲ್ಲಿನ ಹಳೇ ಚಾಳಿ ಇದು. 2003ರಲ್ಲಿ ಫ್ರ್ಯಾಂಕ್ ಸೋಲಿಕ್ 9-3 ಮಾಡಿದ್ದರು, ಸಾಲಲ್ಲ ಅಂತ ತೆಗೆದರು. 2014ರಲ್ಲಿ ಬೋ ಪೆಲೀನಿ. ಏಳು ವರ್ಷದಲ್ಲಿ ಒಂದು ವರ್ಷವೂ 9 ಗೆಲುವಿಗಿಂತ ಕಡಿಮೆ ಮಾಡದ ಮನುಷ್ಯ. ಬಾಯಿ ಸ್ವಲ್ಪ ಜೋರು, ಒಪ್ಪುತ್ತೇನೆ. ಅವರನ್ನೂ 9-3 ಆದಾಗಲೇ ತೆಗೆದರು. ಈಗ 9 ಗೆಲುವು ಅಂದರೆ ಈ ಊರಲ್ಲಿ ಜನ ಬೀದಿಗಿಳಿದು ಕುಣಿಯುತ್ತಾರೆ. ಮಿಸೌರಿ ನದಿಯ ಸೇತುವೆ ದಾಟಿದರೆ ಐಯೋವಾ. ಅಲ್ಲಿ ಕರ್ಕ್ ಫೆರೆಂಟ್ಜ್ 1999ರಿಂದ ಒಬ್ಬರೇ ಕೋಚ್. ಅವರ ಆಟ ನೋಡಿದರೆ ನಿದ್ದೆ ಬರುತ್ತೆ, ಅವರ ಅಭಿಮಾನಿಗಳೇ ಬೈಯುತ್ತಾರೆ. ಅಷ್ಟರಲ್ಲಿ ನೆಬ್ರಾಸ್ಕಾ ಸೋಲಿಕ್, ಕ್ಯಾಲಹಾನ್, ಪೆಲೀನಿ, ರೈಲಿ, ಫ್ರಾಸ್ಟ್ ಎಲ್ಲರನ್ನೂ ಮುಗಿಸಿ ಮ್ಯಾಟ್ ರೂಲ್‌ವರೆಗೆ ಬಂದಿದೆ.

ಬದಲಾವಣೆಯೇ ಬೇಡ ಅನ್ನೋ ವಾದ ನನ್ನದಲ್ಲ. 2024ರಲ್ಲಿ ಸತತ 3 ಸೋತು ಟೀಮು ಕಂಗಾಲಾಗಿದ್ದಾಗ ರೂಲ್ ಕೂಡ ಸೀಸನ್ ಮಧ್ಯೆಯೇ ಅಫೆನ್ಸನ್ನು ಡೇನಾ ಹಾಲ್ಗರ್ಸನ್ ಕೈಗೆ ಕೊಟ್ಟರು. ವಿಸ್ಕಾನ್ಸಿನ್ ವಿರುದ್ಧ 44-25 ಗೆದ್ದರು. 2016ರ ನಂತರ ಮೊದಲ ಸಲ ಬೌಲ್ ಪಂದ್ಯಕ್ಕೆ (ಚೆನ್ನಾಗಿ ಆಡಿದ ಟೀಮ್‌ಗಳಿಗೆ ಸೀಸನ್ ಕೊನೆಗೆ ಸಿಗುವ ಪಂದ್ಯ) ಹೋದರು, ಗೆದ್ದೂ ಬಂದರು. ವ್ಯತ್ಯಾಸ ಏನು? ಅಲ್ಲಿ ಪಾಯಿಂಟ್ ಬರುತ್ತಿರಲಿಲ್ಲ, ಪಾಯಿಂಟ್ ತರೋ ಕೆಲಸದವರನ್ನೇ ಬದಲಿಸಿದರು. ಹಿಂದಿನ ಕೋಆರ್ಡಿನೇಟರ್‌ನ ಮನೆಗೂ ಕಳಿಸಲಿಲ್ಲ, ಬೇರೆ ಕೆಲಸ ಕೊಟ್ಟು ಇಟ್ಟುಕೊಂಡರು. 2021ರಲ್ಲಿ ಎರಡೇ ದಾರಿ ಇದ್ದವು. ಫ್ರಾಸ್ಟ್ ಬೇಡ ಅಂದರೆ ಅವರನ್ನೇ ಕಳಿಸಬೇಕಿತ್ತು, ಬೇಕು ಅಂದರೆ ಅವರ ಜನರ ಜೊತೆ ಇನ್ನೊಂದು ಪೂರ್ತಿ ಸೀಸನ್ ಕೊಡಬೇಕಿತ್ತು. ಇವರು ಎರಡನ್ನೂ ಅರ್ಧರ್ಧ ಮಾಡಿದರು.

ಕೊನೆಗೆ ಮಿಕಿ ಜೋಸೆಫ್ ಬಗ್ಗೆ ಹೇಳದಿದ್ದರೆ ತಪ್ಪಾಗುತ್ತೆ. ಫ್ರಾಸ್ಟ್ ಹೋದಮೇಲೆ ತಾತ್ಕಾಲಿಕ ಕೋಚ್ ಆದವರು, ಇದೇ ಯೂನಿವರ್ಸಿಟಿಯ ಹಳೇ ಕ್ವಾರ್ಟರ್‌ಬ್ಯಾಕ್. ಬೇರೆಯವರು ಕಟ್ಟಿ, ಅರ್ಧ ಒಡೆದಿಟ್ಟ ಟೀಮನ್ನು ಹಿಡಿದು 9 ಪಂದ್ಯ ಆಡಿಸಿದರು, 3 ಗೆದ್ದರು. ಮೂರನೆಯದು 2022ರ ನವೆಂಬರ್ 25, ಶುಕ್ರವಾರ, ಐಯೋವಾದ ಮೈದಾನದಲ್ಲಿ, 24-17. 2015ರಿಂದ ಇವತ್ತಿನವರೆಗೆ ಐಯೋವಾ ವಿರುದ್ಧ ನೆಬ್ರಾಸ್ಕಾಗೆ ಸಿಕ್ಕಿರುವ ಒಂದೇ ಒಂದು ಗೆಲುವು. ಶನಿವಾರ ಬೆಳಗ್ಗೆ ರೂಲ್ ಹೆಸರು ಘೋಷಣೆಯಾಯಿತು, 8 ವರ್ಷಕ್ಕೆ 7.4 ಕೋಟಿ ಡಾಲರ್.