ಮಣ್ಣು ಎಷ್ಟೊತ್ತಿಗೆ?

ನಮ್ಮ ಕಲಬುರಗಿ ಕಡೆ ಯಾರಾದರೂ ತೀರಿಕೊಂಡ ಸುದ್ದಿ ಬಂದರೆ ಜನ ಮೊದಲು ಕೇಳುವುದು 'ಮಣ್ಣು ಎಷ್ಟೊತ್ತಿಗ್ರಿ?' ಅಂತ. ಹೊತ್ತು ಗೊತ್ತಾಯಿತು ಅಂದರೆ ಸುದ್ದಿ ಪಕ್ಕಾ. ಗೊತ್ತಾಗಲಿಲ್ಲವೋ, ರೊಟ್ಟಿ ಬಡಿಯುವವರು ಬಡಿಯುತ್ತಲೇ ಇರುತ್ತಾರೆ. ಜಪಾನಿನ ಮಂಗಾ, ಅಂದರೆ ಚಿತ್ರಕಥೆ, ಓದುವವರಿಗೂ ಇಂಥದ್ದೊಂದು ಪ್ರಶ್ನೆ ಬೇಕೇ ಬೇಕು. ಅಲ್ಲಿ ಸಾವು ಅನ್ನೋದು ನಮ್ಮ ಮೇ ತಿಂಗಳ ಕರೆಂಟ್ ಇದ್ದ ಹಾಗೆ. ಹೋಗುತ್ತದೆ, ಬರುತ್ತದೆ, ಯಾವಾಗ ಅಂತ ಯಾರೂ ಹೇಳುವುದಿಲ್ಲ.

ಈ ಚಟ ನನಗೆ ಅಂಟಿಸಿದವನು ಅಕ್ಕನ ಮಗ. ಜಪಾನಿನಲ್ಲಿ ಸೋಮವಾರ ಶುರುವಾಗುವ ಹೊತ್ತಿಗೆ ಇಲ್ಲಿ ಭಾನುವಾರ ರಾತ್ರಿ 8:30. ಹೊಸ ಅಧ್ಯಾಯ ಆಗಲೇ ಫೋನಿಗೆ ಬರುವುದು. ಊಟಕ್ಕೆ ಕರೆದರೆ 'ತಡೀರಿ, ಒಬ್ಬಾಂವ ಸಾಯ್ಲಿಕತ್ತಾನ' ಅನ್ನುತ್ತಾನೆ. ತಟ್ಟೆ ಮುಂದೆ ಇಂಥ ಮಾತು ಆಡಬೇಡ ಅಂತ ಅವ್ವ ಬೈಯುತ್ತಾಳೆ. ಅವಳಿಗೇನು ಗೊತ್ತು, ಆ ಮನುಷ್ಯ ಮುಂದಿನ ವರ್ಷ ಎದ್ದು ಕೂರುತ್ತಾನೆ ಅಂತ.

'ಡ್ರ್ಯಾಗನ್ ಬಾಲ್' ತಗೊಳ್ಳಿ. ಅಕಿರಾ ತೋರಿಯಾಮಾ 1984ರಿಂದ 1995ರವರೆಗೆ ಬರೆದದ್ದು. ಏಳು ಗೋಲಿ ಕೂಡಿಸಿದರೆ ಒಂದು ಡ್ರ್ಯಾಗನ್ ಬಂದು ಸತ್ತವರನ್ನು ಬದುಕಿಸುತ್ತದೆ. ಆದರೆ ಒಬ್ಬನನ್ನು ಎರಡು ಸಲ ಬದುಕಿಸುವುದಿಲ್ಲ ಅಂತ ಒಂದು ಕಾಯ್ದೆ. ಆಹಾ, ಶಿಸ್ತು ಅಂದರೆ ಇದು ಅಂದುಕೊಂಡೆ. ನಾಯಕನ ಗೆಳೆಯ ಕ್ರಿಲಿನ್ ಎರಡನೇ ಸಲ ಸತ್ತಾಗ ನಿಜಕ್ಕೂ ಕಣ್ಣೀರು ಹಾಕಿದೆ. ಆಮೇಲೆ ನೋಡಿದರೆ ಬೇರೆ ಗ್ರಹದಲ್ಲಿ ಬೇರೆ ಡ್ರ್ಯಾಗನ್ ಇದೆ, ಅದಕ್ಕೆ ಆ ಕಾಯ್ದೆ ಇಲ್ಲವಂತೆ. ಈ ಟೇಬಲ್‌ನಲ್ಲಿ ಆಗದ ಕೆಲಸ ಆ ಟೇಬಲ್‌ನಲ್ಲಿ ಆಗುವುದನ್ನು ನಾವು ಕಚೇರಿಗಳಲ್ಲಿ ನೋಡಿಲ್ಲವೇ? ನಾಯಕ ಗೋಕು ಸತ್ತ ಮೇಲೂ ಸುಮ್ನೆ ಕೂರುವುದಿಲ್ಲ. ಹಾವಿನಂಥ ದಾರಿಯಲ್ಲಿ 10 ಲಕ್ಷ ಕಿಲೋಮೀಟರ್ ಓಡಿ, ಆ ಲೋಕದಲ್ಲಿ ಟ್ರೇನಿಂಗ್ ತಗೊಂಡು ವಾಪಸ್ ಬರುತ್ತಾನೆ.

ನಮ್ಮ ಭಾವನವರು ಒಂದು ದಿನ ಹುಡುಗನ ಪುಸ್ತಕ ಕೈಗೆತ್ತಿಕೊಂಡರು. ಮಂಗಾವನ್ನು ಬಲದಿಂದ ಎಡಕ್ಕೆ ಓದಬೇಕು. ಅವರು ಕನ್ನಡ ಪುಸ್ತಕದ ಹಾಗೆ ಎಡದಿಂದ ಶುರು ಮಾಡಿದರು. ಒಬ್ಬ ಸತ್ತು ಬಿದ್ದಿದ್ದಾನೆ. ಎರಡು ಪುಟ ಆದ ಮೇಲೆ ಎದ್ದ. ಆಮೇಲೆ ಜಗಳಾಡಿದ. ಕೊನೆಗೆ ಗೆಳೆಯರ ಜೊತೆ ನಗುತ್ತಾ ಊಟಕ್ಕೆ ಕೂತ. 'ಚಲೋ ಅದ ಕಥಿ, ಸುಖಾಂತ್ಯ' ಅಂತ ಪುಸ್ತಕ ಮುಚ್ಚಿಟ್ಟರು. ಉಲ್ಟಾ ಓದಿದಿರಿ ಅಂತ ಹುಡುಗ ಹೇಳಲು ಹೋದ. ನಾನೇ ಬೇಡ ಅಂದೆ. ಅಷ್ಟು ಸರಿಯಾಗಿ ಮಂಗಾ ಅರ್ಥ ಮಾಡಿಕೊಂಡವರು ನಮ್ಮ ಮನೆಯಲ್ಲಿ ಇನ್ಯಾರೂ ಇಲ್ಲ.

ಇನ್ನು ಜಿರಾಯಾನ ಸಾವು. ಅದು ನಮ್ಮ ಓಣಿಯನ್ನೇ ಅಲ್ಲಾಡಿಸಿತು.

ಜಿರಾಯಾ ಅಂದರೆ ಮಸಾಶಿ ಕಿಶಿಮೋತೊ ಬರೆದ 'ನರುಟೊ' ಕಥೆಯ ಗುರು. ಉದ್ದ ಬಿಳಿ ಕೂದಲು, ಕಣ್ಣ ಕೆಳಗೆ ಕೆಂಪು ಗೆರೆ, ಒಂದಿಷ್ಟು ಲಂಪಟ, ಒಂದಿಷ್ಟು ಸಾಧು. ಬೇಸಿಗೆ ರಜೆ. ಹೊರಗೆ ಬೆಂಕಿಯಂಥ ಬಿಸಿಲು, ಒಳಗೆ ಕೂಲರ್ ಸದ್ದು. ಹುಡುಗ ಫೋನ್ ಎದೆಗೊತ್ತಿಕೊಂಡು 'ಜಿರಾಯಾ ಹೋದಾ!' ಅಂತ ಕೂಗಿ ಗಳಗಳ ಅತ್ತ. ಅಡುಗೆಮನೆಯಲ್ಲಿದ್ದ ಅವ್ವನಿಗೆ ಕೂಲರ್ ಸದ್ದಿನಲ್ಲಿ ಕೇಳಿಸಿದ್ದು ಅರ್ಧ ಮಾತ್ರ. ನಮ್ಮ ಓಣಿಯಲ್ಲಿ ಪೂಜೆಗೆ ಬರುವ ಅಯ್ಯನವರಿದ್ದಾರೆ. ಅಯ್ಯಾರು ಹೋದರು ಅಂದುಕೊಂಡಳು. ಹುಡುಗ ಬೇರೆ ಅಳುತ್ತಿದ್ದಾನೆ, ಇನ್ನೇನು ಸಾಕ್ಷಿ ಬೇಕು? ಕಾಂಪೌಂಡ್ ಗೋಡೆಯಾಚೆ ಸುದ್ದಿ ಹೋಯಿತು. ಅಲ್ಲಿಂದ ಕಿರಾಣಿ ಅಂಗಡಿಗೆ. ಕಿರಾಣಿ ಅಂಗಡಿಗೆ ಹೋದ ಮೇಲೆ ಮುಗಿಯಿತು.

ನಾನು ಎದ್ದು ಬರುವಷ್ಟರಲ್ಲಿ ಕಟ್ಟೆಯ ಮೇಲೆ ಹೆಂಗಸರು ಬಾಯಿಗೆ ಸೆರಗು ಹಿಡಿದು ಕೂತಿದ್ದರು. 'ಮೊನ್ನೆರೆ ಸೋಮವಾರ ಬಂದಿದ್ರು.' 'ಬಂಗಾರದಂಥಾ ಮನುಷ್ಯಾ.' 'ಮಣ್ಣು ಎಷ್ಟೊತ್ತಿಗಂತ?' ಆ ಕೊನೆಯ ಪ್ರಶ್ನೆಗೆ ಯಾರ ಹತ್ತಿರವೂ ಉತ್ತರ ಇರಲಿಲ್ಲ. ಅಷ್ಟರಲ್ಲಿ ತಲೆ ಮೇಲೆ ವಸ್ತ್ರ ಹಾಕಿಕೊಂಡು, ಬಗಲಲ್ಲಿ ಜೋಳಿಗೆ ಹಿಡಿದು ಸಾಕ್ಷಾತ್ ಅಯ್ಯನವರೇ ಬಂದರು. ಅಳುವ ಮುಖಗಳನ್ನು ನೋಡಿ ಅವರ ಮುಖವೂ ಬಾಡಿತು.

'ಯಾರು ಹೋದ್ರವ್ವಾ?'

'ಅಯ್ಯಾರು ಹೋದ್ರಂತ್ರಿ.'

'ಶಿವ ಶಿವ. ಯಾವ ಅಯ್ಯಾರು?'

'ನೀವೇರಿ.'

ಅಯ್ಯನವರು ಒಂದು ಕ್ಷಣ ತಮ್ಮ ಎದೆ ಮುಟ್ಟಿ ನೋಡಿಕೊಂಡರು. ನನಗೆ ನಗು ತಡೆಯಲಾಗಲಿಲ್ಲ. ಹುಡುಗನನ್ನು ಕರೆಸಿ ಫೋನ್ ತೋರಿಸಿದ ಮೇಲೆ ಎಲ್ಲರಿಗೂ ಸಮಾಧಾನ. ಅವ್ವ ಒಬ್ಬಳಿಗೆ ಸಿಟ್ಟು. ಅಯ್ಯನವರು ಮಾತ್ರ ಮಜ್ಜಿಗೆ ಕುಡಿಯುತ್ತಾ ಆ ಬಿಳಿ ಕೂದಲಿನವನನ್ನು ಕರುಣೆಯಿಂದ ನೋಡಿದರು. ಒಂದು ನಮೂನೆ ಅವರ ಬದಲಿಗೆ ಸತ್ತವನಲ್ಲವೇ?

'ಮಣ್ಣು ಮಾಡ್ಯಾರೇನೋ ತಮ್ಮಾ?'

'ಇಲ್ರಿ. ಸಮುದ್ರದಾಗ ಮುಳುಗ್ಯಾನ. ಹೆಣ ಸಿಕ್ಕಿಲ್ಲ.'

'ಹೆಣ ಸಿಕ್ಕಿಲ್ಲಂದ್ರ ಬರ್ತಾನ ತಗೊ.'

ಕಾನೂನಿನ ಪ್ರಕಾರ ಮಾತು ಸರಿಯಾಗೇ ಇತ್ತು. ಹುಡುಗ ಆ ಭರವಸೆಯ ಮೇಲೆಯೇ ಓದಿದ. ಮುಂದೆ ಆ ಕಥೆಯಲ್ಲಿ ಪೇನ್ ಎಂಬ ಖಳ ಒಂದು ಊರನ್ನೇ ಮಟ್ಟ ಮಾಡಿ, ಮನಸ್ಸು ಕರಗಿ, ಆಗ ಸತ್ತವರನ್ನೆಲ್ಲ ಎಬ್ಬಿಸುತ್ತಾನೆ. ಕಾಕಾಶಿ ಎಂಬ ಗುರುವೂ ಎದ್ದ. ಆಮೇಲಿನ ಯುದ್ಧದಲ್ಲಿ ಮಂತ್ರ ಹಾಕಿ ಹಳೇ ಹೆಣಗಳನ್ನೆಲ್ಲ ಸಾಲಾಗಿ ನಿಲ್ಲಿಸಿದರು. ಬೇಡವಾದವರೆಲ್ಲ ಬಂದರು. ಜಿರಾಯಾ ಬರಲಿಲ್ಲ. 2014ರಲ್ಲಿ 700 ಅಧ್ಯಾಯಕ್ಕೆ ಕಥೆಯೇ ಮುಗಿದಿತ್ತು.

ಮಣ್ಣಾದವರಾದರೂ ಸುಮ್ಮನಿದ್ದಾರಾ ಅಂದರೆ, ಅದೂ ಇಲ್ಲ. ಐಚಿರೊ ಓಡಾ 1997ರಿಂದ ಬರೆಯುತ್ತಿರುವ 'ಒನ್ ಪೀಸ್'ನಲ್ಲಿ ಪೆಲ್ ಎಂಬ ಸೇನಾನಿ ಇದ್ದಾನೆ, ಗಿಡುಗನಾಗಿ ಹಾರಬಲ್ಲವನು. ಸುತ್ತಲಿನದನ್ನೆಲ್ಲ ಸುಟ್ಟು ಬೂದಿ ಮಾಡುವ ಬಾಂಬನ್ನು ಕಾಲಲ್ಲಿ ಹಿಡಿದು ಆಕಾಶಕ್ಕೆ ಹಾರುತ್ತಾನೆ. ಬಾಂಬ್ ಸಿಡಿಯುತ್ತದೆ. ಊರು ಉಳಿಯುತ್ತದೆ. ಓದುತ್ತಾ ಗಂಟಲು ಕಟ್ಟಿತು. ಕೆಲವು ಅಧ್ಯಾಯಗಳ ನಂತರ ಅದೇ ಪೆಲ್ ಮೈಗೆ ಬ್ಯಾಂಡೇಜ್ ಸುತ್ತಿಕೊಂಡು ತನ್ನ ಗೋರಿಯ ಮುಂದೆ ತಾನೇ ನಿಂತಿದ್ದಾನೆ! ಗೋರಿ ಕಟ್ಟಿಸಿಕೊಂಡವನು ಬದುಕಿದ, ಹೆಣ ಸಿಗದವನು ಸತ್ತ. ಇನ್ನು ನಾವು ಯಾವ ಲೆಕ್ಕ ಹಿಡಿಯೋಣ ಹೇಳಿ. ಅದೇ ಓಡಾ 2010ರಲ್ಲಿ ನಾಯಕನ ಅಣ್ಣ ಏಸ್‌ನನ್ನು ಕೊಂದರೆ, ನಾನು ಕಣ್ಣೊರೆಸಿಕೊಳ್ಳದೆ 'ನೋಡೋಣ' ಅಂದೆ. ಅವನಿಗೂ ಗೋರಿ ಕಟ್ಟಿದರು. ನೋಡುತ್ತಲೇ ಇದ್ದೇನೆ.

ಈ ವಿಷಯದಲ್ಲಿ ಹಳೇ ಜಪಾನಿನ ಓದುಗರು ಖಡಕ್ ಇದ್ದರು. 'ಅಶಿತಾ ನೋ ಜೋ' ಎಂಬ ಬಾಕ್ಸಿಂಗ್ ಮಂಗಾದಲ್ಲಿ ನಾಯಕನ ಎದುರಾಳಿ ರಿಕಿಇಶಿ ಸತ್ತಾಗ, 1970ರ ಮಾರ್ಚ್‌ನಲ್ಲಿ ಟೋಕಿಯೊದ ಪ್ರಕಾಶನ ಸಂಸ್ಥೆಯ ಕಟ್ಟಡದಲ್ಲೇ ಅವನ ಅಂತ್ಯಕ್ರಿಯೆ ಮಾಡಿದರು. ಕವಿ ಶೂಜಿ ತೆರಾಯಾಮಾ ಮುಂದಾಳು. ಸುಮಾರು 700 ಜನ ಸೇರಿದ್ದರಂತೆ. ಆಮೇಲೆ ಯಾವ ಲೇಖಕನಿಗೆ ಅವನನ್ನು ಎಬ್ಬಿಸುವ ಧೈರ್ಯ ಬಂದೀತು? ಬಂದ ಜನರಿಗೆ ಏನಂತ ಹೇಳುವುದು?

2023ರ ಸೆಪ್ಟೆಂಬರ್‌ನಲ್ಲಿ 'ಜುಜುತ್ಸು ಕೈಸೆನ್' ಮಂಗಾದ ಗುರು ಗೊಜೊ ಸತ್ತ. 236ನೇ ಅಧ್ಯಾಯ. ಹುಡುಗ ಈಗ ದೊಡ್ಡವನಾಗಿದ್ದಾನೆ, ಅಳಲಿಲ್ಲ. ಊಟ ಮಾತ್ರ ಬಿಟ್ಟ. ಮರುವರ್ಷ ಒಂದು ದಿನ ಅವನು ಕಟ್ಟೆಯ ಮೇಲೆ ಕೂತು ಓದುತ್ತಿದ್ದಾಗ ಅಯ್ಯನವರು ಬಂದು ಫೋನಿನೊಳಗೆ ಇಣುಕಿದರು. ಗೊಜೊನದೂ ಬಿಳಿ ಕೂದಲು. ಅಯ್ಯನವರ ಮುಖ ಅರಳಿತು.

'ಬಂದ ನೋಡು! ನಾ ಹೇಳಿದ್ದಿಲ್ಲೇನು? ಮೊದಲಿಗಿಂತ ಹರೇದಾಂವ ಆಗ್ಯಾನ.'

'ಇವಾ ಬ್ಯಾರೆ ರೀ. ಇವಾನೂ ಸತ್ತಾನ.'

'ಹೆಣ ಸಿಕ್ಕದೇನು?'

'ಸಿಕ್ಕದ್ರಿ. ನಡಾ ಕತ್ತರಿಸಿ ಎರಡು ತುಂಡು ಆಗಿತ್ತು.'

'ಹಂಗಾದ್ರ ಹೋದ ಬಿಡು. ಎರಡು ತುಂಡಾದಾಂವ ಎಲ್ಲಿ ಬರ್ತಾನ.'

'ಎದ್ದು ನಿಂತು ಜಗಳಾಡ್ಲಿಕತ್ತಾನ್ರಿ ಈಗ. ಆದ್ರ ಒಳಗಿರಾಂವ ಅವ ಅಲ್ಲ, ಅವನ ಶಿಷ್ಯ.'

ಅಯ್ಯನವರು ಮಜ್ಜಿಗೆಯ ಲೋಟ ಕೆಳಗಿಟ್ಟರು. ಜೋಳಿಗೆ ಹೆಗಲಿಗೇರಿಸಿದರು. 'ನಿಮ್ಮ ಮನ್ಯಾಗಿನ ಸುದ್ದಿ ಇನ್ಮ್ಯಾಲ ನನಗ ಹೇಳಬ್ಯಾಡ್ರಿ' ಅಂತ ಅವ್ವನಿಗೆ ಹೇಳಿ, ಪಕ್ಕದ ಮನೆಗೆ ಹೋದರು.